ಕಲ್ಲು ಒಡೆದವರ ಹೆಸರು ಯಾವ ಕಲ್ಲಿನಲ್ಲಿ?

ಚಿಕ್ಕಬಳ್ಳಾಪುರ: ಮೋಡದ ಕಡಲು ನೋಡಲು ಬೆಂಗಳೂರಿನ ಚಾರಣಿಗರು ಕಳವಾರದ ಬೆಟ್ಟಕ್ಕೆ ಬರುತ್ತಾರೆ. ಜಿಲ್ಲೆಯ ಬೇರೆ ಗುಡ್ಡಗಳು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ, ಚಪ್ಪಡಿಯಾಗಿ ಲಾರಿ ಏರಿ ಅದೇ ಬೆಂಗಳೂರಿಗೆ ಹೋಗುತ್ತವೆ. ಹಾಗೆ ಗುಡ್ಡ ಒಡೆಯುವ ಕೆಲಸದಲ್ಲಿ ಜೀವ ತೆತ್ತವರ ನೆನಪಿಗೆ ಏನಿದೆ ಎಂಬ ಪ್ರಶ್ನೆ ಮಾತ್ರ ಸಾರ್ವಜನಿಕ ಚರ್ಚೆಗೆ ಬಂದದ್ದು ಕಡಿಮೆ.

2021ರ ಫೆಬ್ರುವರಿ 22ರ ನಡುರಾತ್ರಿಯ ನಂತರ ಪೇರೇಸಂದ್ರ ಸಮೀಪದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಮೃತಪಟ್ಟರು. ಪೊಲೀಸರ ದಾಳಿಯ ಭೀತಿಯಿಂದ ಬಚ್ಚಿಟ್ಟಿದ್ದ ಸ್ಫೋಟಕವನ್ನು ವಿಲೇವಾರಿ ಮಾಡಲು ಹೊರಟಾಗ ಈ ದುರಂತ ಸಂಭವಿಸಿತು. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಜನವರಿ 21ರ ರಾತ್ರಿ, ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಕನಿಷ್ಠ ಐವರು ಸತ್ತಿದ್ದರು. ನೆರೆಯ ಜಿಲ್ಲೆಗಳಲ್ಲೂ ನೆಲ ನಡುಗಿತ್ತು. ಎರಡೂ ಕಡೆ ಸಚಿವರು ಬಂದರು, ಪರಿಹಾರ ಘೋಷಣೆಯಾಯಿತು, ತನಿಖೆಗೆ ಆದೇಶ ಹೊರಟಿತು. ನಂತರ ಸುದ್ದಿ ಅಕ್ರಮ ಗಣಿಗಾರಿಕೆ, ಪರವಾನಗಿ ಮತ್ತು ರಾಜಕೀಯದ ಕಡೆಗೆ ಹೊರಳಿತು. ಸತ್ತವರು ಪ್ರಕರಣದ ಕಡತದಲ್ಲಿ ಉಳಿದರು.

ಸ್ಮಾರಕಗಳ ವಿಷಯದಲ್ಲಿ ಈ ಜಿಲ್ಲೆ ಬಡವಾಗಿಲ್ಲ ಎಂಬುದು ಗಮನಾರ್ಹ. ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಸಮಾಧಿಯಿದೆ, ಅವರ ಜನ್ಮದಿನವಾದ ಸೆಪ್ಟೆಂಬರ್ 15 ಇಡೀ ದೇಶಕ್ಕೆ ಎಂಜಿನಿಯರುಗಳ ದಿನ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರ ಗೋಲಿಬಾರಿಗೆ ಬಲಿಯಾದವರ ನೆನಪಿಗೆ ವೀರಸೌಧವಿದೆ. ಅಲ್ಲಿ ಮಡಿದವರ ಸಂಖ್ಯೆಯ ಕುರಿತೇ ಅಂದಿನ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಸ್ಮಾರಕದ ಮೊದಲ ಜಗಳ ಯಾವಾಗಲೂ ಪಟ್ಟಿಯದು.

ಹಳೆಯ ಕೋಲಾರ ಸೀಮೆಯ ಊರುಗಳ ಹೊರವಲಯದಲ್ಲಿ ಗಂಗರ, ನೊಳಂಬರ ಕಾಲದ ವೀರಗಲ್ಲುಗಳು ಇಂದಿಗೂ ನಿಂತಿವೆ. ತುರು ಕಾಯಲು ಹೋಗಿ ಮಡಿದವನು ಅರಸನಾಗಿರಬೇಕಿರಲಿಲ್ಲ. ಅವನ ಹೆಸರು, ಅವನು ಯಾರ ಆಳು, ಯಾವ ಊರಿನ ದನ ಬಿಡಿಸಿದ ಎಂಬಷ್ಟನ್ನು ಕಲ್ಲಿನ ಮೇಲೆ ಕೊರೆಯುತ್ತಿದ್ದರು. ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಅನೇಕ ಶಾಸನಗಳಲ್ಲಿ ಮೃತನ ಕುಟುಂಬಕ್ಕೆ ಬಿಟ್ಟ ಭೂಮಿಯ ಉಲ್ಲೇಖವೂ ಇದೆ. ನೆತ್ತರುಕೊಡಗೆ ಎಂದು ಅದರ ಹೆಸರು. ನೆನಪು ಮತ್ತು ಪರಿಹಾರ ಎರಡೂ ಒಂದೇ ಕಲ್ಲಿನ ಮೇಲೆ, ಎಲ್ಲರಿಗೂ ಕಾಣುವಂತೆ ದಾಖಲಾಗುತ್ತಿದ್ದವು. ಕೊಟ್ಟ ಮಾತಿಗೆ ತಪ್ಪಿದರೆ ಕಲ್ಲೇ ಸಾಕ್ಷಿ.

ಇಂದು ಆ ಬಗೆಯ ಮರ್ಯಾದೆ ಸಮವಸ್ತ್ರದ ವೃತ್ತಿಗಳಿಗೆ ದೊರೆತಿದೆ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ ಹತ್ತು ಪೊಲೀಸರ ಸ್ಮರಣೆಗೆ ಆರಂಭವಾದ ಪರಿಪಾಠದಂತೆ ಪ್ರತಿ ವರ್ಷ ಅದೇ ದಿನ, ಆ ವರ್ಷ ಕರ್ತವ್ಯದಲ್ಲಿ ಅಳಿದವರ ಹೆಸರು ಓದಲಾಗುತ್ತದೆ. 2018ರಲ್ಲಿ ದೆಹಲಿಯಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ಪೊಲೀಸ್ ಸ್ಮಾರಕದ ಗೋಡೆಯಲ್ಲಿ 34 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಲು ಸಾಧ್ಯವಾದದ್ದು, ದಶಕಗಳ ಕಾಲ ಇಲಾಖೆಗಳು ಆ ಪಟ್ಟಿಯನ್ನು ಜೋಪಾನ ಮಾಡಿದ್ದರಿಂದ. ವೀರಪ್ಪನ್‌ನಿಂದ 1991ರಲ್ಲಿ ಹತರಾದ ಪಿ. ಶ್ರೀನಿವಾಸ್ ಅವರಂಥ ಅರಣ್ಯಾಧಿಕಾರಿಗಳನ್ನು ನೆನೆಯಲು ಸೆಪ್ಟೆಂಬರ್ 11 ಇದೆ.

ಸಮವಸ್ತ್ರವಿಲ್ಲದವರ ಪಟ್ಟಿ ಮಾಡುವವರಾರು? ಮ್ಯಾನ್‌ಹೋಲ್ ಕಾರ್ಮಿಕರ ವಿಷಯದಲ್ಲಿ ಈ ಕೆಲಸವನ್ನು ನ್ಯಾಯಾಲಯ ಮಾಡಿಸಬೇಕಾಯಿತು. 1993ರಿಂದ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬವನ್ನು ಗುರುತಿಸಿ ತಲಾ 10 ಲಕ್ಷ ರೂಪಾಯಿ ನೀಡುವಂತೆ 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2023ರಲ್ಲಿ ಮೊತ್ತ 30 ಲಕ್ಷಕ್ಕೇರಿತು. ಆ ಆದೇಶದ ನಂತರವೇ ಹಳೆಯ ಸಾವುಗಳನ್ನು ಹುಡುಕಿ ಎಣಿಸುವ ಹೊಣೆ ರಾಜ್ಯಗಳ ಮೇಲೆ ಬಿದ್ದಿತು. ಸರ್ಕಾರ ತಾನಾಗಿ ಎಣಿಸಿದ್ದಲ್ಲ.

ಕಾನೂನಿನ ಕಣ್ಣಿಗೆ ಕಲ್ಲು ಕ್ವಾರಿಯೂ ಗಣಿಯೇ. 1952ರ ಗಣಿ ಕಾಯ್ದೆಯಡಿ ಕೆಲಸಗಾರರ ಹಾಜರಿ ಪುಸ್ತಕ ಇಡುವುದು, ಸಾವು ಸಂಭವಿಸಿದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ತಿಳಿಸುವುದು ಕಡ್ಡಾಯವಾಗಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸುರಕ್ಷತಾ ಸಂಹಿತೆಯೂ ಅಪಘಾತದ ನೋಟಿಸನ್ನು ಬಿಟ್ಟಿಲ್ಲ. ಆದರೆ ಪುಸ್ತಕ ಇಡಬೇಕಾದವನು ಗುತ್ತಿಗೆದಾರ. ಪರವಾನಗಿಯೇ ಇಲ್ಲದ ಕ್ವಾರಿಯಲ್ಲಿ ಹಾಜರಿ ಬರೆಯುವ ಗೋಜಿಗೆ ಯಾರು ಹೋದಾರು? ದಿನಗೂಲಿಗೆ ಬಂದ ಪರಊರಿನ ಕಾರ್ಮಿಕ ಬಂಡೆ ಉರುಳಿ ಸತ್ತರೆ, ರಾತ್ರೋರಾತ್ರಿ ಶವ ಸ್ವಂತ ಊರಿಗೆ ಸಾಗುವುದಕ್ಕೂ ಒಂದಿಷ್ಟು ಹಣ ಕೈ ಬದಲಾಗುವುದಕ್ಕೂ ತಡೆಯೇನೂ ಇಲ್ಲ.

ಇದಕ್ಕಿಂತ ಜಟಿಲವಾದದ್ದು ದೂಳಿನ ಸಾವು. ಕಲ್ಲಿನ ಸೂಕ್ಷ್ಮ ದೂಳು ಶ್ವಾಸಕೋಶದಲ್ಲಿ ಕುಳಿತು ವರ್ಷಗಳ ನಂತರ ಸಿಲಿಕೋಸಿಸ್ ಆಗಿ ಹೊರಬರುತ್ತದೆ. ಅಷ್ಟರಲ್ಲಿ ಕಾರ್ಮಿಕ ಕ್ವಾರಿ ಬಿಟ್ಟಿರುತ್ತಾನೆ. ರೋಗಕ್ಕೆ ಕ್ಷಯವೆಂಬ ಹೆಸರು ಬಿದ್ದಿರುತ್ತದೆ. ರಾಜಸ್ಥಾನ ಸರ್ಕಾರ 2019ರಲ್ಲಿ ಇಂಥವರನ್ನು ಪತ್ತೆಹಚ್ಚಿ ಪ್ರಮಾಣಪತ್ರ ಹಾಗೂ ನೆರವು ನೀಡುವ ನೀತಿಯನ್ನೇ ರೂಪಿಸಿತು. ಕೆಜಿಎಫ್‌ನಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ತೆಗೆದು 2001ರಲ್ಲಿ ಗಣಿ ಮುಚ್ಚಿದ ನಾಡಿಗೆ ಈ ರೋಗ ಅಪರಿಚಿತವಂತೂ ಅಲ್ಲ.

ಹಾಗಾಗಿ ಕ್ವಾರಿ ಕಾರ್ಮಿಕರಿಗೆ ಸ್ಮಾರಕ ಎಂದರೆ ವೃತ್ತದಲ್ಲೊಂದು ಪ್ರತಿಮೆ ನಿಲ್ಲಿಸಿ ಮಾಲೆ ಹಾಕುವುದಾದರೆ ಅದು ಸುಲಭ. ಕಲ್ಲಿಗೂ ಇಲ್ಲಿ ಬರವಿಲ್ಲ. ಕಷ್ಟದ್ದು ಹೆಸರುಗಳನ್ನು ಕಲೆಹಾಕುವುದು. ಠಾಣೆಗಳ ಅಸಹಜ ಸಾವಿನ ಪ್ರಕರಣಗಳು, ಸುರಕ್ಷತಾ ನಿರ್ದೇಶನಾಲಯಕ್ಕೆ ಹೋದ ನೋಟಿಸುಗಳು, ಜಿಲ್ಲಾಸ್ಪತ್ರೆಯ ಮರಣೋತ್ತರ ಪರೀಕ್ಷೆಯ ವಹಿಗಳು, ಕ್ಷಯ ವಿಭಾಗದ ದಾಖಲೆಗಳು: ಇವನ್ನು ಒಂದೇ ಮೇಜಿನ ಮೇಲಿಟ್ಟು ತಾಳೆ ನೋಡಿದರೆ ಪಟ್ಟಿಯ ದೊಡ್ಡ ಭಾಗ ದೊರೆತೀತು. ಹಣದ ನೆಪವನ್ನೂ ಹೇಳುವಂತಿಲ್ಲ. 2015ರ ತಿದ್ದುಪಡಿಯ ಫಲವಾಗಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಗಣಿಬಾಧಿತರ ಹಿತಕ್ಕೆಂದೇ ಗುತ್ತಿಗೆದಾರರಿಂದ ವಂತಿಗೆ ಪಡೆಯುತ್ತದೆ; ಅದರ ಆದ್ಯತೆಗಳಲ್ಲಿ ಆರೋಗ್ಯವೂ ಸೇರಿದೆ.

ಪಟ್ಟಿ ಸಿದ್ಧವಾದರೆ ಅದರಲ್ಲಿರುವ ಪ್ರತಿ ಹೆಸರಿನ ಹಿಂದೆ ಪರಿಹಾರ ಕೇಳಬಲ್ಲ ಒಂದು ಮನೆಯೂ, ಉತ್ತರ ಹೇಳಬೇಕಾದ ಒಬ್ಬ ಗುತ್ತಿಗೆದಾರನೂ ಇರುತ್ತಾರೆ. ಪ್ರತಿಮೆಯ ಪ್ರಸ್ತಾವಕ್ಕಿಂತ ಪಟ್ಟಿಯ ಪ್ರಸ್ತಾವಕ್ಕೆ ಎದುರಾಗುವ ಅಡ್ಡಿಗಳೇ ಹೆಚ್ಚಿರಲು ಕಾರಣ ಬೇರೆ ಹುಡುಕಬೇಕಿಲ್ಲ. ಹಿರೇನಾಗವಲ್ಲಿಯ ಆರು ಹೆಸರುಗಳಂತೂ ಈಗಾಗಲೇ ಸರ್ಕಾರದ ಬಳಿಯೇ ಇವೆ.