ಟಿಕೆಟ್ ಫ್ರೀ, ಮೆಟ್ಟಿಲು ಫ್ರೀ ಅಲ್ಲ!

ಮಂಡ್ಯ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ವಿ.ಸಿ. ಫಾರಂ ಕಡೆಯ ಬಸ್ಸು ಬಂತು ಅನ್ನಿ. ಕಾಲೇಜು ಹುಡುಗರು ಕಂಬಿ ಮುಟ್ಟದೆ ಹಾರಿ ಹತ್ತುತ್ತಾರೆ. ಐವತ್ತು ದಾಟಿದ ಅಮ್ಮಂದಿರು ಮಾತ್ರ ಮೊದಲು ಚೀಲವನ್ನು ಒಳಕ್ಕೆ ತಳ್ಳಿ, ಎರಡೂ ಕೈಲಿ ಕಂಬಿ ಹಿಡಿದು, "ಶಿವನೇ" ಅಂತ ಒಂದು ಕಾಲು ಎತ್ತಿಟ್ಟು, ಇನ್ನೊಂದು ಕಾಲು ಮೇಲೆ ಬರುವ ಮೊದಲೇ ಕಂಡಕ್ಟರ್ "ರೈಟ್" ಅಂದುಬಿಟ್ಟಿರುತ್ತಾನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ ಆಯಿತು, ಸಂತೋಷ. ಮೆಟ್ಟಿಲು ಫ್ರೀ ಆಗಲಿಲ್ಲ. ಅದರ ಚಾರ್ಜನ್ನು ಮಂಡಿಯೇ ಕೊಡಬೇಕು.

ಗಂಡಸರೇನೂ ನಗಬೇಕಾಗಿಲ್ಲ. ಬೀಗರೂಟದಲ್ಲಿ ನೆಲದ ಪಂಕ್ತಿ ಹಾಕಿದರೆ ಗೊತ್ತಾಗುತ್ತೆ ಯಾರ ಬಂಡವಾಳ ಏನು ಅಂತ. ನಲವತ್ತೈದರವರೇ ಟೇಬಲ್ ಎಲ್ಲಿದೆ ಎಂದು ಕತ್ತು ಚಾಚುತ್ತಾರೆ. ಕೂತವರು ಏಳುವಾಗ ಪಕ್ಕದವರ ಹೆಗಲೇ ಊರುಗೋಲು.

ಈಗ ಪೇಟೆಯ ಜಿಮ್ಮುಗಳಲ್ಲಿ ಒಂದು ಹೊಸ ಬೋರ್ಡು ಕಾಣುತ್ತಿದೆ, 'ಫಂಕ್ಷನಲ್ ಟ್ರೈನಿಂಗ್' ಅಂತ. ಹೆಸರು ಭಾರಿ, ವಿಷಯ ಸರಳ. ಕನ್ನಡಿ ಮುಂದೆ ತೋಳು ಉಬ್ಬಿಸುವುದಲ್ಲ. ಕೂರೋದು, ಏಳೋದು, ಬಗ್ಗೋದು, ಎತ್ತೋದು, ಹೊರೋದು, ಮೆಟ್ಟಿಲು ಹತ್ತೋದು, ಎಡವಿದರೆ ಬೀಳದೆ ನಿಲ್ಲೋದು, ಹೀಗೆ ದಿನಾ ಮಾಡುವ ಕೆಲಸಕ್ಕೆ ಬೇಕಾದ ಕಸುವನ್ನೇ ಸಾಧಕ ಮಾಡುವುದು. ನಮ್ಮ ಗರಡಿ ಮನೆಯ ಬಸ್ಕಿ, ದಂಡ, ಗದೆ ತಿರುಗಿಸುವುದು ಇನ್ನೇನು ಮತ್ತೆ? ಈ ದೇಶದ ಮರದ ಗದೆಗಳನ್ನು ಇಂಗ್ಲಿಷ್ ಸಿಪಾಯಿಗಳು ಕಲಿತು ತಮ್ಮೂರಿಗೆ ಒಯ್ದರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಅದು ಒಂದು ಸ್ಪರ್ಧೆಯೇ ಆಗಿತ್ತು. ಈಗ ಅದೇ ಗದೆ ಕಬ್ಬಿಣದ ವೇಷ ಹಾಕಿ, ತಿಂಗಳ ಫೀಸಿನ ಜೊತೆ ವಾಪಸ್ ಬಂದಿದೆ. ಇರಲಿ, ಬಂದದ್ದು ಒಳ್ಳೆಯದೇ.

ಆದರೆ ಈ ಮಾತು ಎತ್ತಿದರೆ ನಮ್ಮ ಕಡೆಯವರು ಹೇಳೋದು ಒಂದೇ: "ಅಯ್ಯೋ ಬುಡಿ ಸ್ವಾಮಿ, ಬೆಳಗಿಂದ ಸಂಜೆಗಂಟ ಗೇಯೋರ್ಗೆ ಯಾತರ ಎಕ್ಸರ್‌ಸೈಜು?"

ಇಲ್ಲೇ ಇರೋದು ಎಡವಟ್ಟು. ದುಡಿಮೆ ಬೇರೆ, ಸಾಧಕ ಬೇರೆ. ನಾಟಿ ಹಾಕುವ ಹೆಂಗಸು ಕೆಸರಿನಲ್ಲಿ ಗಂಟೆಗಟ್ಟಲೆ ಸೊಂಟ ಬಗ್ಗಿಸಿಯೇ ಹಿಂದೆ ಸರಿಯುತ್ತಾಳೆ. ಬಗ್ಗಿದ ಬೆನ್ನಿಗೆ ಎದುರು ದಿಕ್ಕಿನ ಕೆಲಸ ಒಂದೂ ಇಲ್ಲ. ಕಬ್ಬು ತುಂಬುವ ಆಳು ಹೊರೆಯನ್ನು ತಲೆ ಮೇಲೆ ಹೊತ್ತು ಹಲಗೆ ಮೇಲೆ ಲಾರಿ ಹತ್ತುತ್ತಾನೆ. ಕಾಲು ಸೋತಿತು ಅಂತ ಅವನು ನಿಲ್ಲುವ ಹಾಗಿಲ್ಲ, ಲಾರಿ ಹೊರಡಬೇಕು. ಗರಡಿಯಲ್ಲಾದರೆ ಉಸ್ತಾದರು ಇವತ್ತು ಇಪ್ಪತ್ತು ಬಸ್ಕಿ, ಮುಂದಿನ ವಾರ ಮೂವತ್ತು ಎಂದು ಏರಿಸುತ್ತಾ ಹೋಗುತ್ತಾರೆ, ನಡುವೆ ಬಿಡುವು ಕೊಡುತ್ತಾರೆ. ದುಡಿಮೆಗೆ ಉಸ್ತಾದರಿಲ್ಲ, ಮೇಸ್ತ್ರಿ ಮಾತ್ರ. ಅದಕ್ಕೇ ಜೀವಮಾನವೆಲ್ಲ ಮೈಮುರಿದು ಗೆಯ್ದವರೇ ಅರವತ್ತಕ್ಕೆ ಸೊಂಟ ಹಿಡಿದು ಜಗಲಿ ಮೇಲೆ ಕೂರುತ್ತಾರೆ. ಮೈಗಳ್ಳತನದಿಂದ ಬಂದ ನೋವಲ್ಲ ಇದು. ಒಂದೇ ಕಡೆಗೆ ಸವೆದದ್ದರಿಂದ ಬಂದದ್ದು.

ಅಂಗಡಿಯವರ ಕಥೆ ಇದರ ಉಲ್ಟಾ. ಬೆಳಗ್ಗೆ ಬಾಗಿಲು ತೆಗೆದು ಗಲ್ಲಾಪೆಟ್ಟಿಗೆ ಮುಂದೆ ಕೂತರೆ ರಾತ್ರಿ ಬಾಗಿಲು ಹಾಕುವವರೆಗೂ ಅದೇ ಭಂಗಿ. ಕೈಗೆಟುಕದ್ದನ್ನು ಹುಡುಗ ತರುತ್ತಾನೆ. ಒಂದು ದಿನ ಹುಡುಗ ರಜಾ ಹಾಕಿದ, ಸಾಹುಕಾರರು ಐವತ್ತು ಕೆ.ಜಿ. ಸಕ್ಕರೆ ಮೂಟೆಗೆ ಕೈ ಹಾಕಿದರು, ಅಲ್ಲಿಗೆ ಮೂರು ದಿನ ಅಂಗಡಿ ಬಂದ್! ಹೀಗೆ ಕೂತವರ ಸಂಖ್ಯೆ ಎಷ್ಟು ಬೆಳೆದಿದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೇರಿ 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 2000ದಲ್ಲಿ ಈ ದೇಶದ ವಯಸ್ಕರಲ್ಲಿ ನೂರಕ್ಕೆ 22 ಮಂದಿ ಮೈಗೆ ಸಾಕಷ್ಟು ಕೆಲಸ ಕೊಡದವರಿದ್ದರು. 2022ಕ್ಕೆ ಅದು ಹತ್ತಿರ ಹತ್ತಿರ 50 ಆಗಿದೆ.

ನಿಮ್ಮ ಕಾಲಿನ ಲೆಕ್ಕ ಎಷ್ಟಿದೆ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬಹುದು. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆ ಮೇಲೆ ಕಟ್ಟಿ, ಗಡಿಯಾರ ನೋಡಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ಅಮೆರಿಕದ ಸಿ.ಡಿ.ಸಿ. ಎಂಬ ಸರ್ಕಾರಿ ಆರೋಗ್ಯ ಸಂಸ್ಥೆಯ ಪಟ್ಟಿ ಪ್ರಕಾರ 60ರಿಂದ 64 ವಯಸ್ಸಿನ ಗಂಡಸಿಗೆ 14, ಹೆಂಗಸಿಗೆ 12 ಆಗದಿದ್ದರೆ ಕಾಲಿನ ಬಲ ಕಮ್ಮಿ, ಬೀಳುವ ಭಯ ಜಾಸ್ತಿ ಎಂದು ಅರ್ಥ. ನೀವು ನಲವತ್ತರವರಾಗಿ ಅಷ್ಟೂ ಆಗದೆ ಏದುಸಿರು ಬಂದರೆ, ಡಾಕ್ಟರನ್ನು ಒಮ್ಮೆ ಕಂಡು ಬನ್ನಿ.

"ವಯಸ್ಸಾಯ್ತು, ಇನ್ನು ಈ ಕಾಲಕ್ಕೆ ಬಲ ಎಲ್ಲಿಂದ ಬಂದೀತು" ಅನ್ನುವವರು ಇದೊಂದನ್ನು ಕೇಳಿ. ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತಿಸಿದರು, ಎಂಟು ವಾರ. ಒಬ್ಬರು ನಡುವೆ ಬಿಟ್ಟರು. ಮುಗಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಏರಿತ್ತು ಎಂದು 1990ರಲ್ಲಿ ವರದಿ ಬಂತು. ತೊಂಬತ್ತಕ್ಕೆ ಕೇಳುವ ಕಾಲು ಅರವತ್ತಕ್ಕೆ ಕೇಳುವುದಿಲ್ಲವೇ?

ಮಾಡಬೇಕಾದದ್ದು ಬೆಟ್ಟದಷ್ಟೇನಿಲ್ಲ. ಅದೇ ಕುರ್ಚಿಯಲ್ಲಿ ಹತ್ತು ಸಲ ಎದ್ದು ಕೂತು, ವಾರ ವಾರ ಎರಡೆರಡು ಹೆಚ್ಚಿಸಿ. ಎರಡು ಕೈಗೂ ಸಮ ತೂಕದ ನೀರಿನ ಬಕೆಟ್ ಹಿಡಿದು ನೆಟ್ಟಗೆ ನಡೆಯಿರಿ. ಒಂದೇ ಸೊಂಟಕ್ಕೆ ಬಿಂದಿಗೆ ಇಡುವ ಅಭ್ಯಾಸಕ್ಕೆ ಇದು ಮದ್ದು. ಗೋಡೆ ಪಕ್ಕ ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಿ, ವಾಲಿದರೆ ಗೋಡೆ ಇದೆ. ಮೂಟೆ ಎತ್ತುವಾಗ ಅದನ್ನು ಮೈಗೆ ಹತ್ತಿರ ಎಳೆದುಕೊಂಡು, ಮಂಡಿ ಮಡಿಸಿ, ಕಾಲಿನ ಬಲದಿಂದ ಏಳಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಪಾದವನ್ನೇ ತಿರುಗಿಸಿ. ನಾಟಿಯವರಿಗಾದರೆ ಅರ್ಧ ಗಂಟೆಗೊಮ್ಮೆ ಬದುವಿಗೆ ಬಂದು, ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಧಾನಕ್ಕೆ ಹಿಂದಕ್ಕೆ ಬಾಗಲು ಎರಡು ನಿಮಿಷ ಬಿಡುವು ಸಿಕ್ಕಬೇಕು. ಗದ್ದೆ ಯಜಮಾನರು ಆ ಎರಡು ನಿಮಿಷಕ್ಕೆ ಮುಖ ಗಂಟಿಕ್ಕದಿದ್ದರೆ ಸಾಕು! ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲದ ಮತ್ತು ಸಮತೋಲದ ಅಭ್ಯಾಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಎದೆ ನೋವು, ಮಂಡಿ ಆಪರೇಷನ್ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಇನ್ನು ವಿ.ಸಿ. ಫಾರಂ ವಿಷಯ. 1931ರಲ್ಲಿ ಇರ್ವಿನ್ ನಾಲೆಯ ಹೆಸರಿನಲ್ಲಿ ಹುಟ್ಟಿ, ನಾಲೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದ ಮೇಲೆ ವಿ.ಸಿ. ಫಾರಂ ಆದ ಜಾಗ ಅದು. ರಾಗಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದದ್ದು ಅಲ್ಲೇ. ಹೊರಗಿನ ತಳಿ ಅಂತ ಅವರು ದೂರ ಇಡಲಿಲ್ಲ, ಹಾಗೇ ತಂದು ರೈತನ ಹೊಲಕ್ಕೆ ಸುರಿಯಲೂ ಇಲ್ಲ. ಇಲ್ಲಿಯ ಮಣ್ಣಿನಲ್ಲಿ ಬೆಳೆದು, ನೋಡಿ, ಆಮೇಲೆ ಕೊಟ್ಟರು. ಭತ್ತ, ಕಬ್ಬು, ರಾಗಿಗೆ ಇಷ್ಟು ಯೋಚನೆ ಮಾಡಿದ ಜಾಗ, ಅದನ್ನು ಬೆಳೆಯುವವನ ಬೆನ್ನಿಗೂ ಒಂದಿಷ್ಟು ಯೋಚನೆ ಮಾಡಲಿ ಅಂತ ಕೇಳಿದರೆ ತಪ್ಪೇ?

ಅಲ್ಲಿ ಕೃಷಿ ಮೇಳ ನಡೆದಾಗ ಜನ ಜಾತ್ರೆಯಂತೆ ಸೇರುತ್ತಾರೆ. ಟ್ರಾಕ್ಟರು, ಟಿಲ್ಲರು, ಗೊಬ್ಬರ, ಬೀಜ ಎಲ್ಲಕ್ಕೂ ಮಳಿಗೆ. ಟಿಲ್ಲರ್ ಹಿಡಿದು ದಿನವಿಡೀ ಅದುರುವ ಮನುಷ್ಯನಿಗೊಂದು ಮಳಿಗೆ ಬೇಕು. ಮಿಮ್ಸ್ ಆಸ್ಪತ್ರೆಯ ಕಡೆಯಿಂದ ಫಿಜಿಯೋಥೆರಪಿ ಬಲ್ಲ ಒಬ್ಬರು, ಗರಡಿಯಲ್ಲಿ ಪಳಗಿದ ಒಬ್ಬ ಉಸ್ತಾದರು, ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಒಬ್ಬರು ಕೂತರೆ ಆಯಿತು. ಹೆಂಗಸರಿಗೆ ಹೇಳಿಕೊಡಲು ಹೆಂಗಸರೇ ಇರಲಿ, ಇಲ್ಲದಿದ್ದರೆ ನಾಟಿಯವರು ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಹೊಸ ಮಿಶನ್ನಿನ ಬಿಲ್ ಮಾಡುವುದು ಬೇಡ. ಪಾರ್ಕಿನಲ್ಲಿ ಮಿಶನ್ ನೆಟ್ಟು, ಉದ್ಘಾಟನೆ ಫೋಟೋ ತೆಗೆಸಿ, ಆಮೇಲೆ ಅದರ ಮೇಲೆ ಬಟ್ಟೆ ಒಣಗಿ ಹಾಕುವುದನ್ನು ನಾವು ಎಷ್ಟು ಊರಲ್ಲಿ ನೋಡಿಲ್ಲ!

ಬೇಕಾದ ಸಾಮಾನು ಇಷ್ಟೇ: ಒಂದು ಕುರ್ಚಿ, ಅರ್ಧ ತುಂಬಿದ ಒಂದು ಮೂಟೆ, ಎರಡು ಬಕೆಟ್, ಒಂದು ಗಡಿಯಾರ, ಬಸ್ಸಿನ ಮೊದಲ ಮೆಟ್ಟಿಲಷ್ಟೇ ಎತ್ತರದ ಒಂದು ಮರದ ಪೆಟ್ಟಿಗೆ. ಮುಂದಿನ ಮೇಳದ ಮಳಿಗೆಗಳ ಪಟ್ಟಿ ಬರೆಯುವವರು ಇತ್ತ ಗಮನ ಹರಿಸುವರೇ?