ಕೆನಡಾ ಅಂದ್ರೆ ಬರೀ ಮಿಸ್ತ್ರಿ ಅಲ್ಲ

ಕೆನಡಾದ ಕಾದಂಬರಿ ಯಾವುದಾದ್ರೂ ಓದಿದ್ದೀರಾ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ರೋಹಿಂಟನ್ ಮಿಸ್ತ್ರಿಯ 'ಎ ಫೈನ್ ಬ್ಯಾಲೆನ್ಸ್' ಅನ್ನುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿಕೊಂಡು ಓಡಾಡಿದವನೇ. 1995ರಲ್ಲಿ ಬಂದ ದೊಡ್ಡ ಕಾದಂಬರಿ ಅದು, ಎರಡು ಮಾತಿಲ್ಲ. ಆದರೆ ಅದರಲ್ಲಿರುವುದು ನಮ್ಮ ಎಮರ್ಜೆನ್ಸಿ, ನಮ್ಮ ದರ್ಜಿಗಳು, ನಮ್ಮದೇ ಜಾತಿ. ಬರೆದವರು ಅಲ್ಲಿದ್ದಾರೆ ಅನ್ನೋದು ಬಿಟ್ಟರೆ ಕೆನಡಾ ಎಲ್ಲಿದೆ? ನನ್ನ ತಲೆಯಲ್ಲಂತೂ ಆ ದೇಶ ಹಿಮ, ಮೇಪಲ್ ಎಲೆ, ಮರ್ಯಾದಸ್ಥ ಜನ... ಇಷ್ಟೇ ಆಗಿ ಉಳಿದಿತ್ತು.

ಆ ಚಿತ್ರ ಕೆಡಿಸಿದ್ದು ರಿಚರ್ಡ್ ವಾಗಮೀಸ್ ಬರೆದ 'ಇಂಡಿಯನ್ ಹಾರ್ಸ್' (2012). ಇನ್ನೂರು ಚಿಲ್ಲರೆ ಪುಟ, ಒಂದು ಭಾನುವಾರ ಸಾಕು. ವಾಗಮೀಸ್ ಒಂಟಾರಿಯೋದ ಒಜಿಬ್ವೆ ಆದಿವಾಸಿ, 2017ರಲ್ಲಿ ತೀರಿಕೊಂಡರು. ಕಥೆಯ ಹುಡುಗ ಸಾಲ್ ಕೂಡ ಒಜಿಬ್ವೆ. ಚಳಿಯಲ್ಲಿ ಅವನನ್ನು ತಬ್ಬಿಕೊಂಡೇ ಅಜ್ಜಿ ಸಾಯುತ್ತಾಳೆ, ಅವನನ್ನು ಪಾದ್ರಿಗಳ ವಸತಿ ಶಾಲೆಗೆ ಎಳೆದೊಯ್ಯುತ್ತಾರೆ. ಆದಿವಾಸಿ ಮಕ್ಕಳ ಭಾಷೆ ಮರೆಸುವುದಕ್ಕೆಂದೇ ಸರ್ಕಾರ ಮತ್ತು ಚರ್ಚುಗಳು ಸೇರಿ ನಡೆಸಿದ ಶಾಲೆಗಳಿವು. ಸುಮಾರು ಒಂದೂವರೆ ಲಕ್ಷ ಮಕ್ಕಳು ಅಲ್ಲಿಗೆ ಹೋದರು. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದ ಕೊನೆಗೆ! ಅಂದರೆ ನಾವು ಇಲ್ಲಿ ಕೇಬಲ್ ಟೀವಿ ನೋಡುತ್ತಿದ್ದ ಕಾಲ.

ಅಲ್ಲಿ ಸಾಲ್‌ಗೆ ಸಿಗುವ ಒಂದೇ ಸಂತೋಷ ಐಸ್ ಹಾಕಿ. ಬೆಳಗಿನ ಜಾವ ಎಲ್ಲರಿಗಿಂತ ಮೊದಲೆದ್ದು, ಹೆಪ್ಪುಗಟ್ಟಿದ ಕುದುರೆ ಲದ್ದಿಯನ್ನೇ ಚೆಂಡು ಮಾಡಿಕೊಂಡು ಒಬ್ಬನೇ ಆಡುತ್ತಾನೆ. ನನಗೆ ಆ ಆಟದ ತಲೆಬುಡ ಗೊತ್ತಿಲ್ಲ. ಆದರೂ ವಿಶ್ವನಾಥ್ ಬ್ಯಾಟಿಂಗ್ ಕಾಮೆಂಟರಿ ಕೇಳಿದ ಹಾಗೆ ಓದಿದೆ.

ಎಡವಟ್ಟಾಗಿದ್ದು ಅಲ್ಲೇ. ಕೊನೆಗೆ ಬಂದಾಗ ಗೊತ್ತಾಯಿತು, ಆಟಕ್ಕೆ ಚಪ್ಪಾಳೆ ಹೊಡೆಯುತ್ತಾ ನಾನು ಏನನ್ನೋ ನೋಡದೇ ದಾಟಿ ಬಂದಿದ್ದೆ ಅಂತ. ವಾಪಸ್ ಹೋಗಿ ನೋಡಿದರೆ ಸೂಚನೆಗಳೆಲ್ಲ ಅಲ್ಲೇ ಇದ್ದವು. ಹುಡುಗ ತನಗೇ ಹೇಳಿಕೊಳ್ಳಲಾರದೆ ಮುಚ್ಚಿಟ್ಟದ್ದನ್ನು ನಾನೂ ಅವನ ಜೊತೆ ಸೇರಿ ಮುಚ್ಚಿಟ್ಟಿದ್ದೆ. ಏನು ಅಂತ ಹೇಳಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

"ಬರೀ ಗೋಳಿನ ಪುಸ್ತಕ" ಅಂದರು ಒಬ್ಬ ಗೆಳೆಯರು. ಒಪ್ಪುವುದಿಲ್ಲ. ಗೋಳು ಅಂತ ಮೊದಲೇ ಗೊತ್ತಿದ್ದರೆ ನಾವು ಹುಷಾರಾಗಿರುತ್ತೇವೆ. ಇದು ಖುಷಿ ಕೊಟ್ಟು ಹಿಡಿಯುತ್ತದೆ.

ಇದಾದ ಮೇಲೆ ಮಿಶೆಲ್ ಗುಡ್ ಅವರ 'ಫೈವ್ ಲಿಟಲ್ ಇಂಡಿಯನ್ಸ್' (2020) ಹಿಡಿಯಿರಿ. ಅಂಥದೇ ಶಾಲೆಯಿಂದ ಹೊರಬಿದ್ದ ಐವರು ವ್ಯಾಂಕೂವರಿನಲ್ಲಿ ಬದುಕಲು ಒದ್ದಾಡುವ ಕಥೆ. ಬರವಣಿಗೆ ವಾಗಮೀಸ್‌ನಷ್ಟು ಬಿಗಿಯಿಲ್ಲ, ನನ್ನ ಅಭಿಪ್ರಾಯ ಅಷ್ಟೆ. ಬೇರೆ ಥರದ್ದು ಬೇಕಾದರೆ ಮಿರಿಯಮ್ ಟೇವ್ಸ್ ಬರೆದ 'ಆಲ್ ಮೈ ಪ್ಯೂನಿ ಸಾರೋಸ್' (2014). ಅಕ್ಕ ಸಾಯಬೇಕು ಅನ್ನುತ್ತಾಳೆ, ತಂಗಿ ಬಿಡುವುದಿಲ್ಲ. ಅದರಲ್ಲೂ ನಗು ಬರಿಸುತ್ತಾಳೆ ಪುಣ್ಯಾತಗಿತ್ತಿ.

'ಇಂಡಿಯನ್ ಹಾರ್ಸ್' 2017ರಲ್ಲಿ ಸಿನಿಮಾನೂ ಆಗಿದೆ. ದಯವಿಟ್ಟು ಅದನ್ನು ಮೊದಲು ನೋಡಬೇಡಿ.