ಅಮ್ಮನ ಶೂನ್ಯ ಟಿಕೆಟ್ಟೂ ನನ್ನ ಟ್ರೆಕ್ಕಿಂಗ್ ಶೂಸೂ

ಇಲ್ಲಿ ಬರೆಯದೆ ಎರಡು ತಿಂಗಳಾಯ್ತು. ರಿಲೀಸು, ರಿಲೀಸಾದ ಮೇಲಿನ ಬಗ್ಗುಗಳು, ಅವನ್ನು ಸರಿಮಾಡಲು ಹೋಗಿ ಹುಟ್ಟಿದ ಇನ್ನಷ್ಟು ಬಗ್ಗುಗಳು... ನಿಮಗೂ ಗೊತ್ತಿರೋ ಕಥೆಯೇ. ಇವತ್ತೂ ಬರೀತಿರಲಿಲ್ಲವೇನೋ. ಆದರೆ ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ಮಾತು ಕೇಳಿದೆ. ಅಲ್ಲಿ ಬಾಯಿ ಬಿಡದೆ ಮೊಸರನ್ನ ನುಂಗಿ ಎದ್ದು ಬಂದೆ. ಆಡದೇ ಉಳಿದ ಮಾತು ಇನ್ನೂ ಗಂಟಲಲ್ಲೇ ಕೂತಿದೆ. ಇಲ್ಲಾದರೂ ಹೇಳಿಬಿಡ್ತೀನಿ.

ವಿಷಯ ಇಷ್ಟೇ. ನಮ್ಮ ಟೀಮಿನವನೊಬ್ಬ ವೀಕೆಂಡಿಗೆ ಚಿಕ್ಕಮಗಳೂರಿಗೆ ಹೋಗಿ ಬಂದ ಫೋಟೋ ತೋರಿಸ್ತಾ ಇದ್ದ. ಮುಳ್ಳಯ್ಯನಗಿರಿ, ಮಂಜು, ಜಾಕೆಟ್ಟು, ಎಲ್ಲಾ ಚೆನ್ನಾಗೇ ಇತ್ತು. "ಲೈಫಲ್ಲಿ ಅಡ್ವೆಂಚರ್ ಬೇಕು ಮಗಾ, ಇಲ್ಲಾಂದ್ರೆ ಹುಚ್ಚು ಹಿಡಿಯುತ್ತೆ" ಅಂದ. ನಾನೂ ತಲೆಯಾಡಿಸಿದೆ. ಎರಡೇ ನಿಮಿಷ, ಮಾತು ಬಸ್ಸಿನ ಕಡೆ ತಿರುಗಿತು. "ಊರಿಗೆ ಹೋಗೋಣ ಅಂದ್ರೆ ಸೀಟಿಲ್ಲ ಗುರು. ಬರೀ ಹೆಂಗಸರು. ಕೆಲಸಕ್ಕೆ ಹೋಗೋರಾದ್ರೆ ಸರಿ. ಇವರು ಸುಮ್ನೆ ತಿರುಗೋಕೆ ಬರ್ತಾರೆ! ಬಿಟ್ಟಿ ಸಿಕ್ತಲ್ಲ..." ಅಂದ. ಟೇಬಲ್ಲಿಗೆ ಟೇಬಲ್ಲೇ ನಕ್ಕಿತು.

ಆ "ಸುಮ್ನೆ ತಿರುಗೋಕೆ" ಬರುವವರಲ್ಲಿ ನಮ್ಮಮ್ಮನೂ ಒಬ್ಬಳು.

ನಾನು ಯಾವ ಪಕ್ಷದವನೂ ಅಲ್ಲ ಸ್ವಾಮಿ, ಮೊದಲೇ ಹೇಳಿಬಿಡ್ತೀನಿ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದರ ಲೆಕ್ಕಪತ್ರ ಸರಿಯೋ ತಪ್ಪೋ ಅನ್ನೋದಕ್ಕೆ ವಿಧಾನಸೌಧ ಇದೆ, ಪೇಪರ್ ಇದೆ, ನಮ್ಮ ಬೀದಿ ತುದಿಯ ಟೀ ಅಂಗಡಿ ಇದೆ. ನನ್ನ ಜಗಳ ಆ "ಸುಮ್ನೆ" ಅನ್ನೋ ಪದದ ಜೊತೆ.

ನಮ್ಮ ಮನೆ ಓಕಳಿಪುರಂ. ಮೆಜೆಸ್ಟಿಕ್ಕಿಗೆ ನಡೆದೇ ಹೋಗಬಹುದು. ರಾತ್ರಿ ಮಲಗಿದರೆ ರೈಲಿನ ಸದ್ದು, ಬೆಳಿಗ್ಗೆ ಎದ್ದರೂ ರೈಲಿನ ಸದ್ದು. ಒಂದು ಲೈನು ಯಶವಂತಪುರದ ಕಡೆ, ಒಂದು ಕಂಟೋನ್ಮೆಂಟಿನ ಕಡೆ, ಇನ್ನೊಂದು ಮೈಸೂರಿನ ಕಡೆ. ಊರಿನ ಜನವೆಲ್ಲ ನಮ್ಮ ಮನೆ ಪಕ್ಕದಿಂದಲೇ ಎಲ್ಲೆಲ್ಲಿಗೋ ಹೋಗ್ತಿದ್ದರು, ಅಮ್ಮ ಮಾತ್ರ ಮೂವತ್ತು ವರ್ಷ ಎಲ್ಲಿಗೂ ಹೋಗಲಿಲ್ಲ. ಹೋಗಿದ್ದೆಲ್ಲ ಮದುವೆಗೆ, ಸಾವಿಗೆ, ಊರ ಹಬ್ಬಕ್ಕೆ, ಆಸ್ಪತ್ರೆಗೆ. ಅಲ್ಲೆಲ್ಲ ಹೋದ ತಕ್ಷಣ ಸೆರಗು ಸಿಕ್ಕಿಸಿ ಅಡುಗೆಮನೆ ಸೇರಿದ್ದೇ. ನೋಡೋಕೆ ಅಂತ, ಅಲ್ಲೇನಿದೆ ಅಂತ ತಿಳಿಯೋಕೆ ಅಂತ ಎಲ್ಲಿಗೂ ಹೋದವಳಲ್ಲ.

ಇತ್ತ ನಾನು. ಕೆಲಸಕ್ಕೆ ಸೇರಿದ ವರ್ಷವೇ ಆರು ಸಾವಿರ ಕೊಟ್ಟು ಶೂಸ್ ತಗೊಂಡೆ. ಶುಕ್ರವಾರ ರಾತ್ರಿ ಟೆಂಪೋ ಟ್ರಾವೆಲರ್, ಸೋಮವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಸ್ಟ್ಯಾಂಡಪ್ ಮೀಟಿಂಗು. 2024ರ ಗಣರಾಜ್ಯೋತ್ಸವದ ವೀಕೆಂಡಿನಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೋ ನೀವೂ ನೋಡಿರ್ತೀರಿ. ಆ ಸಾಲಿನಲ್ಲಿ ನಾನೂ ಒಬ್ಬ! 1712 ಮೀಟರ್ ಎತ್ತರದ ಬೆಟ್ಟ, ನನಗೆ ಕಂಡಿದ್ದು ಮುಂದಿನವನ ಬ್ಯಾಗು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದೆ ಚಾರಣ ಇಲ್ಲ ಅಂದಿತು, ಜನರ ಸಂಖ್ಯೆಗೂ ಮಿತಿ ಹಾಕಿತು. ಒಳ್ಳೇದೇ ಮಾಡಿತು. ಆದರೆ ಆ ದಿನ ನಮ್ಮನ್ನು ಯಾರೂ "ಸುಮ್ನೆ ತಿರುಗೋಕೆ ಬಂದೋರು" ಅನ್ನಲಿಲ್ಲ. ಟ್ರೆಕ್ಕರ್ಸ್ ಅಂದರು. ಎಷ್ಟು ಗೌರವ ನೋಡಿ!

ಅಮ್ಮ ಶುರುಮಾಡಿದ್ದು ಗುಟ್ಟಾಗಿ. ಶಕ್ತಿ ಬಂದು ಎರಡು ತಿಂಗಳಾಗಿತ್ತು. ಒಂದು ದಿನ ಅಪ್ಪನಿಗೆ ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದು ಹಿಡಿ ಬಸ್ ಟಿಕೆಟ್ ಸಿಕ್ಕವು. ಎಲ್ಲಾ ಶೂನ್ಯ ಟಿಕೆಟ್. "ಇದೇನೇ ಇದು?" ಅಂದರೆ, "ಇರ್ಲಿ ಬಿಡ್ರಿ, ನೆನಪಿಗೆ ಇಟ್ಕೊಂಡಿದೀನಿ" ಅಂದಳಂತೆ. ಮೂರನೇ ಮನೆ ಆಂಟಿ, ಹೂವು ಮಾರೋ ಅಕ್ಕ, ಆಕೆಯ ನಾದಿನಿ, ನಮ್ಮಮ್ಮ, ಇಷ್ಟು ಜನ. ಮೊದಮೊದಲು ಮೆಜೆಸ್ಟಿಕ್ಕಿಗೆ ಹೋಗಿ ಕಂಡ ಬಿಎಂಟಿಸಿ ಬಸ್ ಹತ್ತೋದು, ಕೊನೇ ಸ್ಟಾಪಲ್ಲಿ ಇಳಿಯೋದು, ಅಲ್ಲೇನಿದೆ ನೋಡೋದು, ಅದೇ ಬಸ್ಸಲ್ಲಿ ವಾಪಸ್ಸು. ಆಮೇಲೆ ಧೈರ್ಯ ಬಂತು. ಮಾಗಡಿ ರಂಗನಾಥನ ಗುಡಿ, ಘಾಟಿ ಸುಬ್ರಹ್ಮಣ್ಯ, ದೇವರಾಯನದುರ್ಗ. ನಿಯಮ ಒಂದೇ: ಬೆಳಿಗ್ಗೆ ಡಬ್ಬಿ ಕಟ್ಟಿ ಎಲ್ಲರನ್ನೂ ಕಳಿಸಿದ ಮೇಲೆ ಹೊರಡೋದು, ಸಂಜೆ ನಲ್ಲಿ ನೀರು ಬರೋ ಹೊತ್ತಿಗೆ ಮನೆಯಲ್ಲಿರೋದು. ಚಿತ್ರಾನ್ನ, ಒಂದು ಬಾಟಲಿ ಮಜ್ಜಿಗೆ, ಆಧಾರ್ ಕಾರ್ಡು. ಇಷ್ಟೇ ಸಾಮಾನು.

ಒಂದು ಸಲ ಶಿವಗಂಗೆಗೆ ಹೋದರು. ಡಾಬಸ್‌ಪೇಟೆಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು. ಶಿವಗಂಗೆ ಹತ್ತಿದವರಿಗೆ ಗೊತ್ತು, 1368 ಮೀಟರ್ ಎತ್ತರ, ಕೊನೆಗೆ ಬಂಡೆಯಲ್ಲೇ ಕೊರೆದ ಕಡಿದಾದ ಮೆಟ್ಟಿಲು, ಹಿಡಿಯೋಕೆ ಕಬ್ಬಿಣದ ಕಂಬಿ. ಮೂರನೇ ಮನೆ ಆಂಟಿಗೆ ಅರ್ಧದಲ್ಲೇ ತಲೆ ಸುತ್ತಿ ಕೂತುಬಿಟ್ಟರಂತೆ. ಅಮ್ಮ ಅವರ ಜೊತೆ ನಾದಿನಿಯನ್ನು ಕೂರಿಸಿ, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಹೂವಿನ ಅಕ್ಕನ ಜೊತೆ ಮೇಲೆ ಹೋಗಿದ್ದಾಳೆ. ಒಳಕಲ್ಲು ತೀರ್ಥದಲ್ಲಿ ಕಲ್ಲಿನ ಪೊಟರೆಯೊಳಗೆ ಕೈ ಹಾಕಿದರೆ ಪುಣ್ಯವಂತರಿಗೆ ನೀರು ಸಿಗುತ್ತೆ ಅಂತ ನಂಬಿಕೆ.

"ಸಿಕ್ತಾ ಅಮ್ಮಾ?" ಅಂದೆ.

"ಒಂದು ಹನಿ ಸಿಕ್ಕಿತಪ್ಪ. ಸಿಗದೇ ಇದ್ರೂ ಪರವಾಗಿರ್ಲಿಲ್ಲ ಕಣೋ. ಮೇಲಿಂದ ನೋಡಿದ್ರೆ... ಏನು ಗಾಳಿ ಅಂತೀಯ!"

ಗಾಳಿಯ ಬಗ್ಗೆ ಅಮ್ಮ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈಗ ನನ್ನ ವಾದ. ಬ್ರಿಟನ್ನಿನ ಅಲಸ್ಟೇರ್ ಹಂಫ್ರೀಸ್ ಅನ್ನೋ ಸಾಹಸಿ ನಾಲ್ಕು ವರ್ಷ ಸೈಕಲ್ ತುಳಿದು ಪ್ರಪಂಚ ಸುತ್ತಿದವನು. ಆಮೇಲೆ ಅವನಿಗೆ ಅನ್ನಿಸಿದ್ದು, ಸಾಹಸಕ್ಕೆ ದೂರ ಹೋಗಬೇಕಿಲ್ಲ ಅಂತ. ಲಂಡನ್ನಿನ ಸುತ್ತ ಇರೋ ಎಂ25 ರಿಂಗ್ ರೋಡಿನ ಬದಿಯಲ್ಲೇ ನಡೆದು ಒಂದು ಸುತ್ತು ಹಾಕಿದ. 2014ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ, ಅದಕ್ಕೊಂದು ಹೆಸರೂ ಇಟ್ಟ, ಮೈಕ್ರೋ ಅಡ್ವೆಂಚರ್. ಸಂಜೆ ಐದಕ್ಕೆ ಆಫೀಸು ಬಿಟ್ಟು, ಹತ್ತಿರದ ಗುಡ್ಡದಲ್ಲಿ ಮಲಗಿ, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಆಫೀಸಿಗೆ ಬನ್ನಿ ಅನ್ನೋದು ಅವನ ಸಲಹೆ. ನಮ್ಮ ಟೀಮಿನವರಿಗೆಲ್ಲ ಇದು ಗೊತ್ತು, ಮೆಚ್ಚಿ ಮಾತಾಡ್ತಾರೆ. ಅದನ್ನೇ ಓಕಳಿಪುರಂನ ಹೆಂಗಸು ಡಬ್ಬಿ ಕಟ್ಟೋದಕ್ಕೂ ನಲ್ಲಿ ನೀರಿಗೂ ನಡುವೆ ಮಾಡಿದರೆ ಬಿಟ್ಟಿ ತಿರುಗಾಟ!

"ನಮ್ಮ ತೆರಿಗೆ ದುಡ್ಡು" ಅಂತೀರಾ? ಸರಿ. ನನ್ನ ದುಡ್ಡೂ ಹೋಗಿದೆ. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿತು, ಅದನ್ನು ಕೊಡ್ತಿರೋದು ನಾವು ಗಂಡಸರು. ಅದರ ಬಗ್ಗೆ ಬೈಯ್ಯಿರಿ, ನಾನೂ ಜೊತೆಗೆ ಬರ್ತೀನಿ. ಬಸ್ಸು ಸಾಲಲ್ಲ, ಹಳ್ಳಿ ಸ್ಟಾಪಿನಲ್ಲಿ ಶಾಲೆ ಮಕ್ಕಳನ್ನು ಬಿಟ್ಟು ಹೋಗ್ತಾರೆ ಅನ್ನೋ ದೂರೂ ನಿಜ. 2025ರ ಜುಲೈಗೆ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. ಅಷ್ಟು ಜನ ಹತ್ತಿದಾಗ ಬಸ್ಸು ಹೆಚ್ಚಾಗಬೇಕು ಅನ್ನೋದು ನ್ಯಾಯವಾದ ಮಾತು. ಆದರೆ ಬಸ್ಸು ಕಡಿಮೆ ಇದ್ದರೆ ಬಸ್ಸು ಕೇಳಬೇಕು. ಹತ್ತಿದವಳು ಯಾಕೆ ಖುಷಿಯಾಗಿದ್ದಾಳೆ ಅಂತ ಕೇಳೋದು ಯಾವ ನ್ಯಾಯ?

ಅಷ್ಟಕ್ಕೂ ಚಿಕ್ಕಮಗಳೂರಿಗೆ ಹೋದ ರಸ್ತೆ ಯಾರ ದುಡ್ಡಿಂದು? ಕುಮಾರಪರ್ವತದ ಕಾಡು ಕಾಯೋ ವಾಚರ್ ಸಂಬಳ ಯಾರು ಕೊಡ್ತಾರೆ? ನಮ್ಮ ಮೋಜಿಗೂ ಸರ್ಕಾರದ ಖರ್ಚಿದೆ. ನಮಗೆ ಅದರ ಟಿಕೆಟ್ ಕೊಡೋಲ್ಲ, ಅಷ್ಟೇ ವ್ಯತ್ಯಾಸ.

ಇದನ್ನೆಲ್ಲ ಜೋರಾಗಿ ಮನೆಯಲ್ಲಿ ಭಾಷಣ ಮಾಡ್ತಿದ್ದೆ. ತಂಗಿ ಕೇಳಿಸ್ಕೊಂಡು, "ನಿನ್ನ ಇಂಗ್ಲಿಷಪ್ಪ ರಾತ್ರಿ ಗುಡ್ಡದ ಮೇಲೆ ಮಲಗ್ತಾನೆ. ನಾನು ಮಲಗ್ಲಾ ಅಣ್ಣಾ?" ಅಂದಳು. ಬಾಯಿ ಮುಚ್ಚಿತು. ನಾನು ಬುಧವಾರ ಬುಧವಾರ ಬೆಳಿಗ್ಗೆ ಐದಕ್ಕೆ ಎದ್ದು, ರೈಲ್ವೆ ಅಂಡರ್‌ಪಾಸ್ ದಾಟಿ, ಮಲ್ಲೇಶ್ವರದ ಒಳರಸ್ತೆಗಳಲ್ಲಿ ಸ್ಯಾಂಕಿ ಕೆರೆಯವರೆಗೆ ನಡೆದು, ಇಡ್ಲಿ ತಿಂದು, ಆಮೇಲೆ ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡಿನ ಮೆಟ್ರೋ ಹಿಡೀತೀನಿ. ಇದು ನನ್ನ ಪುಟ್ಟ ಸಾಹಸ. ಆ ಅಂಡರ್‌ಪಾಸನ್ನು ಕತ್ತಲಲ್ಲಿ ತಂಗಿ ಒಬ್ಬಳೇ ದಾಟೋಲ್ಲ. ಅಮ್ಮನ ಗುಂಪು ಒಂಬತ್ತರಿಂದ ನಾಲ್ಕರೊಳಗೇ ಯಾಕೆ ತಿರುಗುತ್ತೆ ಅಂತ ನನಗೆ ಅವತ್ತು ಹೊಳೀತು. ನಲ್ಲಿ ನೀರೊಂದೇ ಕಾರಣ ಅಲ್ಲ, ಬೆಳಕೂ ಕಾರಣ.

ಇನ್ನೊಂದು ನೋಡಿ. ನಮ್ಮ ಊರಿನ ಪಾರ್ಕುಗಳಿಗೆ ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕೋರು, ಮಧ್ಯಾಹ್ನದ ಮೇಲೆ ತೆಗೆಯೋರು. ದಿನವಿಡೀ ತೆರೆದಿಡಿ ಅಂತ ಹೇಳಿದ್ದು 2024ರಲ್ಲಿ. ಅಲ್ಲಿಯವರೆಗೆ ಪಾರ್ಕು ಇದ್ದದ್ದು ಬೆಳಿಗ್ಗೆ ವಾಕ್ ಮಾಡೋ ಯಜಮಾನರಿಗೆ, ಸಂಜೆ ಆಫೀಸು ಮುಗಿಸಿ ಬರೋರಿಗೆ. ಅಮ್ಮನಿಗೆ ಬಿಡುವಾಗೋ ಹೊತ್ತಿಗೆ ಸರಿಯಾಗಿ ಗೇಟಿಗೆ ಬೀಗ! ಎಷ್ಟು ವರ್ಷ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅದಕ್ಕೇ ಹೇಳ್ತಿರೋದು. ಸಣ್ಣ ಸಾಹಸ ಅನ್ನೋದು ಬರೀ ಮನಸ್ಸು ಮಾಡಿದರೆ ಆಗೋ ಕೆಲಸ ಅಲ್ಲ. ಅದಕ್ಕೊಂದು ಬಸ್ಸು ಬೇಕು, ಒಡೆಯದ ಫುಟ್‌ಪಾತ್ ಬೇಕು, ದೀಪ ಬೇಕು, ಶೌಚಾಲಯ ಬೇಕು (ಅಮ್ಮ ಹೊರಡುವಾಗ ನೀರು ಕಡಿಮೆ ಕುಡೀತಾಳೆ, ಯಾಕೆ ಅಂತ ಕೇಳಬೇಡಿ), ತೆರೆದ ಗೇಟು ಬೇಕು. ಇವಿಷ್ಟೂ ಇಲ್ಲದ ಕಡೆ ದುಡ್ಡಿರೋನು ಪ್ಯಾಕೇಜ್ ಕೊಳ್ತಾನೆ, ಇಲ್ಲದೋನು ಮನೆಯಲ್ಲಿ ಕೂರ್ತಾನೆ. ಬಸ್ಸೊಂದು ಸಿಕ್ಕಿದ್ದಕ್ಕೇ ಅಮ್ಮ ಶಿವಗಂಗೆ ಹತ್ತಿದಳು. ಉಳಿದದ್ದೂ ಸಿಕ್ಕಿದ್ದರೆ?

ನನ್ನ ಶೂಸ್ ಈಗ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ತಟ್ಟೆಯಲ್ಲಿ ಧೂಳು ತಿಂತಿದೆ. ಹಾರ್ಲಿಕ್ಸ್ ಬಾಟಲಿ ತುಂಬಿ, ಎರಡನೇದು ಶುರುವಾಗಿದೆ. ಮುಂದಿನ ಸಲ ನನಗೂ ರಜೆ ಹಾಕಿ ಬಾ ಅಂತ ಕರೆದಿದ್ದಾರೆ. ಎಲ್ಲಿಗೆ ಅಂದರೆ, "ಬಸ್ ಸ್ಟ್ಯಾಂಡಿಗೆ ಹೋಗಿ ನೋಡೋಣ" ಅಂತಾಳೆ ಅಮ್ಮ. ನನ್ನ ಟಿಕೆಟ್ಟಿಗೆ ದುಡ್ಡು ನಾನೇ ಕೊಡಬೇಕಂತೆ, ಖಡಾಖಂಡಿತ.

ಆ ಗೆಳೆಯ ಇದನ್ನು ಓದಿದರೆ ಓದಲಿ. ಸೋಮವಾರ ಊಟಕ್ಕೆ ಅದೇ ಟೇಬಲ್ಲಿಗೆ ಬರ್ತೀನಿ, ಈ ಸಲ ಮೊಸರನ್ನ ನುಂಗಿ ಸುಮ್ಮನಿರಲ್ಲ.

ನೀವೂ ಒಂದು ಕೆಲಸ ಮಾಡಿ. ನಿಮ್ಮಮ್ಮ ಯಾವ ಕೆಲಸವೂ ಇಲ್ಲದೆ, ಬರೀ ನೋಡೋಕೆ ಅಂತ, ಕೊನೇ ಸಲ ಎಲ್ಲಿಗೆ ಹೋಗಿದ್ದರು ಅಂತ ಕೇಳಿ. ಉತ್ತರ ಬಂದರೆ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಉತ್ತರ ಬರದೇ ಇದ್ದರೆ... ಬರೆಯೋದು ಆಮೇಲೆ, ಮೊದಲು ಅವರನ್ನು ಬಸ್ ಹತ್ತಿಸಿ.